ಆಟದ ಅವಧಿ ಮಕ್ಕಳಿಗೇ ಇರಲಿ

ಮಾನ್ಯರೇ,

ಹತ್ತನೇ ತರಗತಿಯ ಮಕ್ಕಳಿಂದ ಆಟದ ಅವಧಿಯನ್ನು ಕಸಿದುಕೊಳ್ಳುವ ರೂಢಿ ನಿಲ್ಲಬೇಕು. ನಮ್ಮ ಪ್ರೌಢಶಾಲೆಗಳನ್ನು ನೋಡಿಹೋದ ವಿದೇಶಿ ಶಿಕ್ಷಕಿಯೊಬ್ಬರು ಮಕ್ಕಳ ಶಿಸ್ತನ್ನೂ ಗುರುಗಳ ಮೇಲಿನ ಅವರ ಅಕ್ಕರೆಯನ್ನೂ ಮನಸಾರೆ ಮೆಚ್ಚಿ, ಹಿರಿಯ ತರಗತಿಯವರು ಮೈದಾನದಲ್ಲಿ ಕಾಣಲೇ ಇಲ್ಲವೆಂದು ಹೇಳಿರುವುದನ್ನು ಪತ್ರಿಕೆಯಲ್ಲಿ ಓದಿ ನೋವಾಯಿತು, ಏಕೆಂದರೆ ಅದು ನಿಜ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ದೈಹಿಕ ಶಿಕ್ಷಣಕ್ಕೆ ಪಾಲಿಲ್ಲದ ಕಾರಣ, ದಸರಾ ರಜೆ ಮುಗಿಯುತ್ತಿದ್ದಂತೆಯೇ ಆ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಸಂದುಬಿಡುತ್ತದೆ. ದೂರದ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು, ಸಂಜೆ ಮನೆಗೆಲಸಕ್ಕೆ ನಿಲ್ಲುವ ಹೆಣ್ಣುಮಕ್ಕಳಿಗಂತೂ ಶಾಲೆಯ ಮೈದಾನ ಬಿಟ್ಟರೆ ಬೇರೆ ಆಟವಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ದೊರೆತಿರುವಾಗ ಇಷ್ಟು ಆತಂಕ ಅನಗತ್ಯ. ವೇಳಾಪಟ್ಟಿಯಲ್ಲಿರುವ ಆಟದ ಅವಧಿಯನ್ನು ಬೇರೆ ವಿಷಯಕ್ಕೆ ಬಳಸದಂತೆ ಶಾಲಾ ಶಿಕ್ಷಣ ಇಲಾಖೆ ಸ್ಪಷ್ಟ ಸುತ್ತೋಲೆ ಹೊರಡಿಸಲಿ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಶಾಲಾ ಭೇಟಿಯ ವೇಳೆ ಮಕ್ಕಳನ್ನೇ ಕೇಳಿ ಅದನ್ನು ಖಚಿತಪಡಿಸಿಕೊಳ್ಳಲಿ.

– ಒಬ್ಬ ಪಾಲಕರು, ಹಾವೇರಿ