ಗೆಳೆಯನಿಗೊಂದು ಪತ್ರ: ಹಸಿವು ವಾಪಸ್ ಬಂದಿದೆ

ದೋಸ್ತಾ,

ಹೋದ ವಾರ ಫೋನಿನಲ್ಲಿ ನೀನು ಮೆಲ್ಲಗೆ ಕೇಳಿದೆ, "ಮತ್ತೆ ಮೈ ಬಂದಿದೆಯಂತಲ್ಲ?" ಅಂತ. ನಾನು ಮಳೆ ಸುದ್ದಿ ತೆಗೆದೆ. ಆಲಮಟ್ಟಿಗೆ ನೀರು ಎಷ್ಟು ಬಂತು ಅಂತ ಹೇಳುತ್ತಾ ಹೋದೆ. ನೀನೂ ಸುಮ್ಮನಾದೆ. ಆ ಮಾತಿಗೆ ಉತ್ತರ ಇಲ್ಲಿದೆ. ನಾಲ್ಕು ಜನ ಓದುವ ಕಡೆ ಯಾಕೆ ಬರೆಯುತ್ತಿದ್ದೇನೆ ಅಂದರೆ, ತೂಕ ಇಳಿಸುವ ಆಪರೇಷನ್ ಆದ ಮೇಲೆ ನನ್ನನ್ನು ನೋಡಿ "ನಮ್ಮ ಅಳಿಯನಿಗೂ ಮಾಡಿಸೋಣವಾ?" ಅಂತ ಅಂಗಡಿಗೆ ಬಂದು ಕೇಳಿದವರು ಬಹಳ ಜನ. ಅವರಿಗೂ ಇದು ಗೊತ್ತಾಗಲಿ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 128 ಕೆಜಿ ಇದ್ದೆ. 83ಕ್ಕೆ ಇಳಿದೆ. ಇಳಿದದ್ದು 45, ಅಂದರೆ ನಮ್ಮ ಗೊಬ್ಬರದಂಗಡಿಯ ಒಂದು ಯೂರಿಯಾ ಚೀಲ ಬೆನ್ನಿನಿಂದ ಕೆಳಗಿಟ್ಟ ಹಾಗೆ. ಈಗ 96. ಈ 96 ಅನ್ನು ಮನೆಯಲ್ಲೂ ಹೇಳಿಲ್ಲ. ಅವಳು ಇದನ್ನು ಓದಿಯೇ ತಿಳಿಯಬೇಕು.

ನನಗೆ ಮಾಡಿದ್ದು ಸ್ಲೀವ್ ಆಪರೇಷನ್. ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು ಸಪೂರ ಕೊಳವೆಯಷ್ಟು ಉಳಿಸುತ್ತಾರೆ. ಜಾಗ ಚಿಕ್ಕದಾಗುತ್ತೆ, ಹಾಗಾಗಿ ಕಡಿಮೆ ಊಟ ಸಾಕಾಗುತ್ತೆ ಅಂತ ಎಲ್ಲರೂ ತಿಳಿದಿರುತ್ತಾರೆ. ಅದು ಅರ್ಧ ಮಾತು. ಹಸಿವು ಹುಟ್ಟಿಸುವ ಘ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲಿನ ಭಾಗದಲ್ಲಿ. ಆ ಭಾಗವೂ ಹೋಗುತ್ತೆ. ಹಸಿವೇ ತಣ್ಣಗಾಗುತ್ತೆ.

ಎಷ್ಟು ತಣ್ಣಗೆ ಅಂದರೆ, ಮುಧೋಳದಲ್ಲಿ ಒಂದು ಮದುವೆ. ಎಲೆ ಮೇಲೆ ಹೂರಣದ ಹೋಳಿಗೆ, ಮೇಲೆ ತುಪ್ಪ. ಒಂದು ತುತ್ತು ತಿಂದೆ. ಪಕ್ಕದವರು ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್ಲಿನ ವಿಷಯ ತೆಗೆದರು. ಮಾತಿಗೆ ಕುಳಿತೆ. ಎಲೆ ಎತ್ತುವ ಹೊತ್ತಿಗೆ ನೋಡುತ್ತೇನೆ, ಹೋಳಿಗೆ ಹಾಗೇ ಇದೆ. ನಾನು ಮನಸ್ಸು ಗಟ್ಟಿ ಮಾಡಿಕೊಂಡಿರಲಿಲ್ಲ. ತಡೆದುಕೊಂಡಿರಲಿಲ್ಲ. ಮರೆತಿದ್ದೆ! ನಲವತ್ತು ವರ್ಷದಲ್ಲಿ ನನಗೆ ಯಾವತ್ತೂ ಹಾಗಾಗಿರಲಿಲ್ಲ.

ಆಗ ನೀನು ನೆನಪಾದೆ. ಧಾರವಾಡದ ಹಾಸ್ಟೆಲ್ಲಿನಲ್ಲಿ ನೀನು ಹೀಗೇ ಅರ್ಧಕ್ಕೆ ಸಾಕು ಅಂತ ಏಳುತ್ತಿದ್ದೆ. ಇವನು ಬಾಯಿ ಕಟ್ಟಿದವನು, ನನಗಿಂತ ಗಟ್ಟಿ ಮನಸ್ಸಿನವನು ಅಂತ ನಾನು ತಿಳಿದಿದ್ದೆ. ನೀನು ಏನನ್ನೂ ಕಟ್ಟುತ್ತಿರಲಿಲ್ಲ ದೋಸ್ತಾ. ನಿನಗೆ ಸಾಕಾಗಿರುತ್ತಿತ್ತು, ಅಷ್ಟೇ. ಆ ಒಂದು ವರ್ಷ ನಾನು ನಿನ್ನ ಹೊಟ್ಟೆ ಇಟ್ಟುಕೊಂಡು ಬದುಕಿದೆ. ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಒಂದೂವರೆ ವರ್ಷ ದಾಟಿತು. ಮುಂಗಾರು ಬಿತ್ತನೆ ಹೊತ್ತು, ಅಂಗಡಿ ಮುಂದೆ ನಿಲ್ಲಲೂ ಜಾಗ ಇಲ್ಲ. ನಾನು ಬಿಲ್ ಬರೆಯುತ್ತಿದ್ದೆ. ಹುಡುಗ ಚಹಾ ತಂದ, ಜೊತೆಗೆ ಒಂದು ಪ್ಲೇಟು ಚೂಡಾ ತಂದು ಗಲ್ಲಾ ಪಕ್ಕ ಇಟ್ಟ. ಎದುರಿನ ರೈತರು ಡಿಎಪಿ ಎಷ್ಟು ಚೀಲ ಬೇಕು ಅಂತ ಹೇಳುತ್ತಿದ್ದಾರೆ, ನನ್ನ ಕಿವಿಗೆ ಬೀಳುತ್ತಿಲ್ಲ. ಪುಟಾಣಿ, ಶೇಂಗಾ, ಕರಿದ ಕರಿಬೇವು, ಇಷ್ಟೇ ಕಾಣುತ್ತಿದೆ. ಅವರು ಎರಡನೇ ಸಲ ಹೇಳಿದರು. ಪೆನ್ನು ಹಿಡಿದ ಕೈ ಹಾಗೇ ನಿಂತಿತ್ತು. ಹಸಿವು ವಾಪಸ್ ಬಂತು ಅಂತ ಗೊತ್ತಾಯಿತು. ಆ ತಿಂಗಳು ತೂಕದ ಕಾಟೆಯಲ್ಲಿ ಏನೂ ಏರಿರಲಿಲ್ಲ. ತೂಕ ಬಂದದ್ದು ಆಮೇಲೆ.

ಈ ಆಪರೇಷನ್ ಆದ ಹೊಟ್ಟೆಯ ರೀತಿಯೇ ಬೇರೆ. ಕಟಕ ರೊಟ್ಟಿ, ಮಡಕಿಕಾಳಿನ ಪಲ್ಯ ತಿಂದರೆ ಅರ್ಧಕ್ಕೇ ಬಿಗಿಯುತ್ತೆ. ಚೂಡಾ, ಬಿಸ್ಕೀಟು, ಸಿಹಿ ಚಹಾ ಮಾತ್ರ ಸಲೀಸಾಗಿ ಇಳಿದು ಹೋಗುತ್ತವೆ, ತುಂಬಿದ್ದೇ ಗೊತ್ತಾಗಲ್ಲ. ಅಂಗಡಿಯಲ್ಲಿ ಕೂತವನಿಗೆ ದಿನವಿಡೀ ಸಿಗುವುದು ಇವೇ. ಬಂದವರು "ಚಹಾ ತಗೋರಿ" ಅಂದಾಗ ಬೇಡ ಅಂದರೆ ನಮ್ಮ ಕಡೆ ವ್ಯವಹಾರ ನಡೆಯುತ್ತಾ, ನೀನೇ ಹೇಳು.

ಡಾಕ್ಟರ ಹತ್ತಿರ ಹೋಗುವಾಗ ಬೈಗುಳ ತಿನ್ನಲು ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಎಂಡೋಸ್ಕೋಪಿ ಮಾಡಿ, ಕೊಳವೆ ಹಿಗ್ಗಿಲ್ಲ ಅಂದರು. ತೂಕ ಇಳಿದ ದೇಹ ಕಡಿಮೆ ಖರ್ಚಿನಲ್ಲಿ ಬದುಕುವುದನ್ನು ಕಲಿಯುತ್ತೆ, ಕಳೆದುಕೊಂಡ ಕೊಬ್ಬನ್ನು ವಾಪಸ್ ಕೇಳುತ್ತೆ, ಅದಕ್ಕೇ ಹಸಿವು ಜಾಸ್ತಿ ಆಗುತ್ತೆ ಅಂತ ವಿವರಿಸಿದರು. ಸ್ವೀಡನ್ನಿನಲ್ಲಿ 1987ರಿಂದ ಇಂಥ ಆಪರೇಷನ್ ಆದವರನ್ನು ವರ್ಷಗಟ್ಟಲೆ ಗಮನಿಸಿದ್ದಾರೆ. ಬೈಪಾಸ್, ಅಂದರೆ ಜಠರವನ್ನು ಚಿಕ್ಕದು ಮಾಡಿ ಕರುಳಿಗೆ ಬೇರೆ ದಾರಿಯಲ್ಲಿ ಜೋಡಿಸುವ ಆಪರೇಷನ್, ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಇಳಿಸಿದ್ದರು. ಹತ್ತು ವರ್ಷದ ಹೊತ್ತಿಗೆ ಉಳಿದ ಇಳಿಕೆ ಶೇ. 25. ಅಲ್ಲಿ ಕರದಂಟು ಇಲ್ಲ, ಹೋಳಿಗೆ ಇಲ್ಲ, "ಇನ್ನೊಂದು ಹಾಕಿಸ್ಕೋರಿ" ಅನ್ನುವ ಬೀಗರಿಲ್ಲ. ಆದರೂ ತೂಕ ತಿರುಗಿ ಬಂತು. ನನ್ನದು ಬೇರೆ ಆಪರೇಷನ್, ಆದರೆ ಮನೆಗೆ ಬಂದು ಲೆಕ್ಕ ಹಾಕಿದೆ. 128ರಿಂದ 96, ನನ್ನದೂ ಸರಿಯಾಗಿ ಶೇ. 25! ಆದರೂ ಆಪರೇಷನ್ ಆದ ಮೇಲೆ ಶುಗರ್ ಗುಳಿಗೆ ನಿಂತದ್ದು ನಿಂತೇ ಇದೆ. ಅದೇ ಅಧ್ಯಯನದಲ್ಲಿ ಆಪರೇಷನ್ ಆದವರ ಸಾವೂ ಕಡಿಮೆ ಇತ್ತು ಅಂತ 2007ರಲ್ಲಿ ಪ್ರಕಟವಾಗಿದೆ. ಹಾಗಾಗಿ ಅಳಿಯಂದಿರ ವಿಷಯ ಕೇಳಿದವರಿಗೆ ನನ್ನ ಉತ್ತರ ಈಗಲೂ ಬದಲಾಗಿಲ್ಲ: ಡಾಕ್ಟರು ಬೇಕು ಅಂದರೆ ಮಾಡಿಸಿ. ಆದರೆ ಎರಡು ವರ್ಷ ಆದಮೇಲೆ ಅವನನ್ನು ಒಬ್ಬನೇ ಬಿಡಬೇಡಿ.

ಯಾಕೆಂದರೆ ಆಗಲೇ ಜನ ಮಾತಾಡಲು ಶುರು ಮಾಡುವುದು. "ಲಕ್ಷಗಟ್ಟಲೆ ರೊಕ್ಕ ಸುರಿದು ಏನಾಯ್ತು?" "ಬಾಯಿ ಚಪಲ ಬಿಡಲಿಲ್ಲ." ನಿಂತಿದ್ದ ಬಿಪಿ ಗುಳಿಗೆ ಮತ್ತೆ ಶುರುವಾದರೆ ಯಾರೂ ಹೀಗೆ ಅನ್ನಲ್ಲ. ನನಗೆ ಸಿಟ್ಟು ಬರುತ್ತೆ. ಬರಲಿ, ಬರಬೇಕಾದ ಸಿಟ್ಟೇ ಅದು.

ಈಗ ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಮೊಸರು, ರೊಟ್ಟಿ ಆಮೇಲೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಲೇಬೇಕು. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು. ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ ಗುಳಿಗೆ ಹೇಗೂ ಜೀವನಪೂರ್ತಿ ಇದ್ದದ್ದೇ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ನುಗಳು ತೂಕ ಇಳಿಸಲು ಅಂತ 2025ರಲ್ಲಿ ನಮ್ಮ ದೇಶಕ್ಕೂ ಬಂದವು. ಡಾಕ್ಟರು ಅದನ್ನೂ ಯೋಚಿಸೋಣ ಅಂದಿದ್ದಾರೆ. ನಿಲ್ಲಿಸಿದರೆ ತೂಕ ಮತ್ತೆ ಏರುತ್ತೆ ಅಂತಲೂ ಹೇಳಿದ್ದಾರೆ. ಖರ್ಚು ನೋಡಿಕೊಂಡು ತೀರ್ಮಾನ ಮಾಡಬೇಕು.

ಇಷ್ಟಕ್ಕೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ಒಂದು ಮಾತು ಉಳಿದಿದೆ. ನನಗೆ ಆ 83 ಬೇಕು ಅಂತ ಅಷ್ಟೇನೂ ಅನ್ನಿಸಲ್ಲ. ಆ ಪ್ಯಾಂಟು, ಆ ಫೋಟೋ, ಯಾವುದೂ ಬೇಡ. ಹೋಳಿಗೆ ಮರೆತು ಕಬ್ಬಿನ ಬಿಲ್ಲಿನ ಮಾತಾಡಿದೆನಲ್ಲ, ಆ ಮಧ್ಯಾಹ್ನ ಬೇಕು. ತಲೆಯೊಳಗೆ ಯಾರೂ ಊಟ ಊಟ ಅಂತ ಕರೆಯದ ಮಧ್ಯಾಹ್ನ. ಅದನ್ನು ನೆನೆದರೆ ಅಳು ಬರುತ್ತೆ. ಇನ್ನೊಂದೂ ಹೇಳಿಬಿಡುತ್ತೇನೆ: ಹಾಸ್ಟೆಲ್ಲಿನಲ್ಲಿ ನೀನು ಏನು ಮಾತಾಡುತ್ತಿದ್ದರೂ ನಾನು ನೋಡುತ್ತಿದ್ದದ್ದು ನಿನ್ನ ತಟ್ಟೆಯಲ್ಲಿ ಉಳಿದದ್ದನ್ನು. ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು, ವರ್ಷಗಟ್ಟಲೆ. ಈಗ ಇಲ್ಲ.

ಇರಲಿ, ಬಹಳ ಭಾರ ಆಯಿತು. ದಸರಾ ರಜೆಗೆ ವಿಜಯಪುರದಿಂದ ಬರುವವನು ಕೊಲ್ಹಾರದಲ್ಲಿ ಮೊಸರಿನ ಗಡಿಗೆ ತಗೋ. ಮೊಸರು ನನಗೆ ನಡೆಯುತ್ತೆ. ಬಂದ ಮೇಲೆ ಹಸಿವು ಹೇಗಿದೆ ಅಂತ ಕೇಳು, ತೂಕ ಎಷ್ಟು ಅಂತ ಬೇಡ. ಮಳೆ ಸುದ್ದಿ ತೆಗೆಯಲ್ಲ, ಸರಿಯಾಗಿ ಉತ್ತರ ಹೇಳುತ್ತೇನೆ.

ನಿನ್ನ ಗೊಬ್ಬರದಂಗಡಿ ದೋಸ್ತ,
ನವನಗರ, ಬಾಗಲಕೋಟೆ