ಫ್ಲೀಸ್ ಇನ್ ನೋಡಹೊರಟ ಗೆಳೆಯನಿಗೊಂದು ಪತ್ರ

ಪ್ರಿಯ ಸತೀಶ,

ಇಂಗ್ಲೆಂಡಿನ ಈವ್‌ಶಮ್ ಕಡೆ ಹೋಗುತ್ತೀಯಂತೆ. ಹಾಗಾದರೆ ಬ್ರೆಟ್‌ಫೋರ್ಟನ್ ಹಳ್ಳಿಯ ಫ್ಲೀಸ್ ಇನ್ ಎಂಬ ಹಳೆಯ ಪಬ್ ಬಿಡಬೇಡ. 15ನೇ ಶತಮಾನದ ರೈತನ ಮನೆ ಅದು. ಒಂದೇ ಸೂರಿನಡಿ ಒಂದು ತುದಿಗೆ ಜನ, ಇನ್ನೊಂದು ತುದಿಗೆ ದನ. ಪಬ್ ಆದದ್ದು 1848ರಲ್ಲಿ. 1977ರಿಂದ ಹಳೆಯ ಕಟ್ಟಡಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿದೆ.

ಬಿಯರ್ ಆಮೇಲೆ. ಮೊದಲು ಹೊರಗೆ ನಿಂತು ಗೋಡೆಯ ಬುಡ ನೋಡು. ಇಂಥ ಮನೆಗಳಲ್ಲಿ ಗಿಡ್ಡ ಕಲ್ಲುಕಟ್ಟೆಯ ಮೇಲೆ ಉದ್ದಕ್ಕೂ ಅಡಿತೊಲೆ ಮಲಗಿರುತ್ತದೆ, ಕಂಬಗಳು ಅದರಲ್ಲಿ ನೆಟ್ಟಿರುತ್ತವೆ. ವರ್ಷಗಳು ಕಳೆದಂತೆ ರಸ್ತೆ, ಅಂಗಳ ಎತ್ತರವಾಗಿ ಮಣ್ಣು ತೊಲೆಗೆ ತಾಗಿತೋ, ಅದು ಕೊಳೆಯುತ್ತದೆ, ಕಂಬ ಕುಸಿಯುತ್ತದೆ. ಹಾಗಂತ ಸೊಟ್ಟಗಿರುವುದೆಲ್ಲ ಕೆಟ್ಟಿದೆ ಅಂದುಕೊಳ್ಳಬೇಡ. ಒಣಗಿದ ಓಕ್ ಉಳಿಗೆ ಬಗ್ಗದು, ಅದಕ್ಕೇ ಹಸಿ ಮರದಲ್ಲೇ ಕಟ್ಟುತ್ತಿದ್ದರು. ಒಂದು ಮರದ ತುದಿಯ ನಾಲಿಗೆಯನ್ನು ಇನ್ನೊಂದರ ಕುಳಿಗೆ ಕೂರಿಸುತ್ತಾರೆ. ನಾಲಿಗೆಯ ತೂತನ್ನು ಕುಳಿಯ ತೂತಿಗಿಂತ ಎರಡು ಮೂರು ಮಿ.ಮೀ. ನಾಲಿಗೆಯ ಬುಡದ ಕಡೆಗೆ ಸರಿಸಿ ಕೊರೆದು ಮರದ ಗೂಟ ಬಡಿದರೆ, ಗೂಟವೇ ಕೂಡಿಕೆಯನ್ನು ಎಳೆದು ಬಿಗಿಯುತ್ತದೆ. ಮರ ಒಣಗುತ್ತಾ ತಿರುಚಿಕೊಂಡರೂ ಚೌಕಟ್ಟು ಬಿಟ್ಟುಕೊಡುವುದಿಲ್ಲ.

ಕಂಬಗಳ ನಡುವೆ ಓಕ್ ಗೂಟ, ಅದಕ್ಕೆ ಹೆಣೆದ ಹೇಜಲ್ ಗಿಡದ ಕಡ್ಡಿ, ಎರಡೂ ಕಡೆ ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿದ ಮೆತ್ತು (ಹೌದು, ನಮ್ಮ ಸಗಣಿಯೇ!), ಮೇಲೆ ಸುಣ್ಣ. ಇಂಥ ಗೋಡೆಗೆ ಸಿಮೆಂಟ್ ಬಳಿದವರು ಒಳ್ಳೆಯದು ಮಾಡಿದೆವೆಂದೇ ನಂಬಿರುತ್ತಾರೆ. ಋತುವಿಗೆ ತಕ್ಕಂತೆ ಮರ ಹಿಗ್ಗಿ ಕುಗ್ಗುತ್ತದೆ, ಸಿಮೆಂಟ್ ಜಗ್ಗದು. ಅಂಚಿನಲ್ಲಿ ಕೂದಲೆಳೆಯ ಸಂದು ಬಿಟ್ಟು ಮಳೆನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ. ಪ್ಲಾಸ್ಟಿಕ್ ಪೇಂಟಿನದೂ ಅದೇ ಕೇಡು. ಸಿಮೆಂಟಿನ ಬದಲು ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ ಸಾಕು. ಚಳಿ 5 ಡಿಗ್ರಿಗಿಂತ ಇಳಿದರೆ ಮಾತ್ರ ಕೆಲಸ ನಿಲ್ಲಿಸಬೇಕು. ಹಸಿ ಗಾರೆ ಹೆಪ್ಪುಗಟ್ಟಿದರೆ ಉದುರಿಹೋಗುತ್ತದೆ. ಇಂಗ್ಲೆಂಡ್ ಅಂದರೆ ಕಣ್ಣಿಗೆ ಬರುವ ಕರಿ ಮರ, ಬಿಳಿ ಗೋಡೆ ಇದೆಯಲ್ಲ, ಆ ಕಪ್ಪು ಬಹುಮಟ್ಟಿಗೆ 19ನೇ ಶತಮಾನದ ಶೋಕಿ. ಬಣ್ಣವಿಲ್ಲದೆ ಬೂದಿಗಟ್ಟಿದ ಓಕ್ ನನಗೆ ಹೆಚ್ಚು ಇಷ್ಟ.

2004ರಲ್ಲಿ ಫ್ಲೀಸ್ ಇನ್‌ನ ಹುಲ್ಲು ಚಾವಣಿಗೆ ಬೆಂಕಿ ಬಿತ್ತು. ದಪ್ಪ ಓಕ್ ತೊಲೆ ಸುಡುವುದು ನಿಮಿಷಕ್ಕೆ ಸುಮಾರು ಅರ್ಧ ಮಿ.ಮೀ. ಮಾತ್ರ, ಮೇಲಿನ ಇದ್ದಿಲು ಒಳಮರವನ್ನು ಕಾಯುತ್ತದೆ. ಹುಲ್ಲು ಹೋದರೂ ಇಂಥ ಚೌಕಟ್ಟು ಉಳಿಯುವುದು ಹಾಗೆ.

ಒಳಗೆ ಒಲೆಯ ಮುಂದೆ ನೆಲದ ಮೇಲೆ ಸೀಮೆಸುಣ್ಣದ ವೃತ್ತಗಳಿವೆ. ಚಿಮಣಿಯಿಂದ ಮಾಟಗಾತಿಯರು ಇಳಿಯದಂತೆ ಬರೆಯುತ್ತಿದ್ದ ರಕ್ಷೆ ಅದು. ಸವೆದಾಗ ಮತ್ತೆ ಬರೆಯಬೇಕು, ಇಂಥ ಮನೆಯ ದುರಸ್ತಿಯ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೋ.

ನಿನ್ನ,
ಪ್ರಕಾಶ