ನೀನು ಫ್ರೀ ಇರಲಿಲ್ಲ

ಪ್ರಿಯ ಎಡಗೈ,

ಮೂರು ಸಲ ಸಂದೇಶ ಕಳುಹಿಸಿದೆ. ಮೂರಕ್ಕೂ ನಿನ್ನಿಂದ ಬಂದದ್ದು ಒಂದೇ ಉತ್ತರ: "ಫ್ರೀ ಇರಲಿಲ್ಲ." ಆದ್ದರಿಂದ ಈ ಸಲ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಿ ನಿನ್ನನ್ನು ವಿಚಾರಿಸಿದರೆ ನಾಚಿಕೆಗಾದರೂ ನೀನು ಓದುತ್ತೀಯೆ ಎಂಬ ಆಸೆ. ನಮ್ಮಿಬ್ಬರ ಪರಿಚಯವಿಲ್ಲದವರು ಬೇಸರ ಮಾಡಿಕೊಳ್ಳಬಾರದು. ಹವಾಯಿ ಚಪ್ಪಲಿಯ ಮಾತು ಬಂದಲ್ಲಿ ಸುಮ್ಮನೆ ನಕ್ಕು ಮುಂದೆ ಹೋಗಬಹುದು. ಅದರಲ್ಲಿ ನಗುವಂಥದ್ದು ಏನಿತ್ತೆಂದು ನಮಗೂ ಈಗ ಸರಿಯಾಗಿ ನೆನಪಿಲ್ಲ.

ಇಲ್ಲಿ ಆಗಲೇ ಹಿಮ ಬಿದ್ದಿದೆ. ಅಮೆರಿಕದ ಮಿಷಿಗನ್ ಸರೋವರದ ಮೇಲಿನಿಂದ ಬೀಸುವ ಗಾಳಿ ನೀರನ್ನೆಲ್ಲ ಹೊತ್ತು ತಂದು ನಮ್ಮ ತಲೆಯ ಮೇಲೆಯೇ ಸುರಿಯುತ್ತದೆ. ಸರೋವರದ ದಂಡೆಗೆ ಹಾಲೆಂಡ್ ಎಂಬ ಊರಿದೆ, ನಾನಿರುವ ಗ್ರ್ಯಾಂಡ್ ರಾಪಿಡ್ಸ್‌ನಿಂದ ಐವತ್ತು ಕಿಲೋಮೀಟರಿನಷ್ಟು ದೂರ. ಡಚ್ಚರು 1847ರಲ್ಲಿ ಬಂದು ಕಟ್ಟಿದ ಊರು. ಅಲ್ಲಿನ ಪೇಟೆ ಬೀದಿಯ ಕಾಲುದಾರಿಯ ಕೆಳಗೆ ಕೊಳವೆ ಹಾಸಿ ಬೆಚ್ಚಗಿನ ನೀರು ಹರಿಸುತ್ತಾರೆ. ಬಿದ್ದ ಹಿಮ ಬಿದ್ದಲ್ಲೇ ಕರಗುತ್ತದೆ. ಮೊದಲ ಸಲ ನೋಡಿದಾಗ ನಿನಗೆ ಫೋಟೋ ಕಳುಹಿಸಿದ್ದೆ. "ನನಗಿಲ್ಲಿ ಸ್ನಾನಕ್ಕೇ ಬಿಸಿನೀರಿಲ್ಲ" ಎಂದು ನೀನು ಎರಡೇ ನಿಮಿಷದಲ್ಲಿ ಉತ್ತರ ಬರೆದಿದ್ದೆ. ಅದು ನೀನು ಫ್ರೀ ಇದ್ದ ಕಾಲ.

ಕಳೆದ ಶನಿವಾರ ಆ ಊರಿಗೆ ಬ್ಯಾಸ್ಕೆಟ್‌ಬಾಲ್ ನೋಡಲು ಹೋಗಿದ್ದೆ. ಟಿವಿಯಲ್ಲಿ ಬರುವ ಕೋಟ್ಯಧೀಶರ ಆಟವಲ್ಲ, ಸಣ್ಣ ಕಾಲೇಜುಗಳ ಆಟ. ಇಲ್ಲಿ ಅದನ್ನು ಡಿವಿಷನ್ ಮೂರು ಎನ್ನುತ್ತಾರೆ. ಹೆಸರು ಕೇಳಿ ಮೂಗು ಮುರಿಯಬೇಡ. ಆ ವರ್ಗದಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ, ಅಷ್ಟೇ. ಆರೂವರೆ ಅಡಿಯ ಹುಡುಗನೊಬ್ಬ ಶನಿವಾರ ಮೊಣಕೈ ತರಚಿಕೊಂಡು ಆಡಿ, ಸೋಮವಾರ ಲೆಕ್ಕಶಾಸ್ತ್ರದ ಪರೀಕ್ಷೆಗೆ ಕೂರುತ್ತಾನೆ. ನಾಲ್ಕು ವರ್ಷ ಮುಗಿದ ಮೇಲೆ ಅವನ ಹೆಸರನ್ನು ನೆನಪಿಟ್ಟುಕೊಳ್ಳುವವರು ಅವನ ತಾಯಿ ಮತ್ತು ಎದುರಾಳಿ ಕಾಲೇಜಿನವರು.

ಎದುರಾಳಿ ಎಂದೆ. ಹಾಲೆಂಡಿನಲ್ಲಿರುವುದು ಹೋಪ್ ಕಾಲೇಜು. ನಮ್ಮ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿರುವುದು ಕ್ಯಾಲ್ವಿನ್, 2019ರಿಂದ ವಿಶ್ವವಿದ್ಯಾಲಯ ಎಂದು ಕರೆಸಿಕೊಳ್ಳುತ್ತಿದೆ. ಹೋಪ್ ಹಳೆಯ ಡಚ್ ಚರ್ಚಿನ ಪರಂಪರೆಯದು. 1857ರಲ್ಲಿ ಅದೇ ಚರ್ಚಿನಿಂದ ಮುನಿಸಿಕೊಂಡು ಎದ್ದುಹೋದವರ ಪೈಕಿಯದು ಕ್ಯಾಲ್ವಿನ್. ತಾತಂದಿರ ಊರು ಒಂದೇ, ದೇವರು ಒಬ್ಬನೇ, ಮನೆತನದ ಹೆಸರುಗಳೂ ಅವೇ. ಎರಡೂ ಕಡೆ 'ವ್ಯಾನ್' ಎಂದು ಶುರುವಾಗುವವರೇ. ಹೊರಗಿನವನಿಗೆ ವ್ಯತ್ಯಾಸ ವಿವರಿಸಿದರೂ ತಿಳಿಯುವುದಿಲ್ಲ. ಮೇಲುಕೋಟೆಯ ನಿನ್ನ ಸೋದರತ್ತೆಗೆ ಮಾತ್ರ ಅರೆ ವಾಕ್ಯದಲ್ಲಿ ತಿಳಿದೀತು. ನಾಮಕ್ಕೆ ಪಾದ ಇರಬೇಕೋ ಬೇಡವೋ ಎಂಬ ಮಾತಿಗೆ ಒಂದು ಮದುವೆಯನ್ನೇ ನಿಲ್ಲಿಸಿದವರಲ್ಲವೇ ಅವರು.

ಈ ಬಗೆಯ ವೈರಕ್ಕೆ ನಮ್ಮಲ್ಲಿ ಒಳ್ಳೆಯ ಪದವಿದೆ: ದಾಯಾದಿ. ಈ ದಾಯಾದಿಗಳ ತಂಡಗಳು ಸುಮಾರು ನೂರು ವರ್ಷಗಳಿಂದ ಇನ್ನೂರಕ್ಕೂ ಹೆಚ್ಚು ಸಲ ಎದುರಾಗಿವೆ. 1997ರಲ್ಲಿ ಒಂದು ಪಂದ್ಯವನ್ನು ಪೇಟೆಯ ದೊಡ್ಡ ಅಂಗಣಕ್ಕೆ ಒಯ್ದಾಗ 11,000ಕ್ಕೂ ಹೆಚ್ಚು ಜನ ಬಂದಿದ್ದರಂತೆ. ಕ್ಯಾಲ್ವಿನ್ ಹುಡುಗರು 1992 ಮತ್ತು 2000ದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಹೋಪ್ ಹುಡುಗರು 1996 ಮತ್ತು 1998ರಲ್ಲಿ ಫೈನಲ್ ತಲುಪಿ ಎರಡರಲ್ಲೂ ಸೋತರು. ಈ ಲೆಕ್ಕವನ್ನು ಹೋಪ್‌ನವರ ಎದುರು ಎತ್ತಬಾರದು. ಎತ್ತಿದರೆ ತಮ್ಮ ಹುಡುಗಿಯರ ತಂಡ ಗೆದ್ದ 1990, 2006, 2022 ಎಂದು ಮೂರು ಬೆರಳು ಮಡಿಸಿ ತೋರಿಸುತ್ತಾರೆ. ಕ್ಯಾಲ್ವಿನ್‌ನವರು ಆಗ ಹವಾಮಾನದ ಬಗ್ಗೆ ಮಾತನಾಡುತ್ತಾರೆ.

ನಿನಗೆ ಆಗಿಬರುವ ಇನ್ನೊಂದು ಸಂಗತಿ. ಆ ದೊಡ್ಡ ಅಂಗಣದ ಹೆಸರು ವ್ಯಾನ್ ಆಂಡೆಲ್ ಅರೀನಾ. ಹೋಪ್‌ನವರು 2005ರಿಂದ ಆಡುತ್ತಿರುವ ಅಂಗಣದ ಹೆಸರು ಡಿವೋಸ್ ಫೀಲ್ಡ್‌ಹೌಸ್. ಆ ವ್ಯಾನ್ ಆಂಡೆಲ್ ಮತ್ತು ಆ ಡಿವೋಸ್ ಇಬ್ಬರೂ ಸೇರಿ ಕಟ್ಟಿದ್ದು ಆಮ್ವೇ! ಹಾಸ್ಟೆಲಿನಲ್ಲಿ ಹನ್ನೆರಡು ಜನಕ್ಕೆ ಮಾರುತ್ತೇನೆಂದು ತಂದು, ಕೊನೆಗೆ ನೀನೊಬ್ಬನೇ ಒಂದು ವರ್ಷ ಉಜ್ಜಿದೆಯಲ್ಲ ಆ ಟೂತ್‌ಪೇಸ್ಟ್, ಅದರ ತವರುಮನೆ ಇದು. ಈ ಅಂಗಣದ ಒಂದು ಇಟ್ಟಿಗೆಯ ಒಂದು ಮೂಲೆ ನಿನ್ನ ಹಲ್ಲಿನ ದುಡ್ಡಿನದು ಎಂದುಕೊಂಡು ಒಳಗೆ ಹೋಗುವಾಗಲೆಲ್ಲ ಗೋಡೆ ತಟ್ಟುತ್ತೇನೆ.

ಆದರೆ ಶನಿವಾರದ್ದು ದಾಯಾದಿ ಪಂದ್ಯವಾಗಿರಲಿಲ್ಲ. ಅವರು ಎದುರಾಗುವುದು ಸಾಮಾನ್ಯವಾಗಿ ಹೊಸ ವರ್ಷದ ನಂತರ. ನವೆಂಬರ್ ಬೇರೆ ಒಕ್ಕೂಟದವರ ಜೊತೆ ಆಡುವ ತಿಂಗಳು. ಹೋಪ್, ಕ್ಯಾಲ್ವಿನ್ ಇರುವ ಮಿಷಿಗನ್ ಒಕ್ಕೂಟ 1888ರದು, ದೇಶದ ಕಾಲೇಜು ಒಕ್ಕೂಟಗಳಲ್ಲೇ ಹಳೆಯದು. ಸರೋವರದ ಆಚೆ ದಡದಲ್ಲಿ ಇಲಿನಾಯ್, ವಿಸ್ಕಾನ್ಸಿನ್ ಕಡೆಯ ಒಕ್ಕೂಟಗಳಿವೆ. ಅಲ್ಲಿಂದ ಒಂದು ತಂಡ ಬಂದಿತ್ತು. ಒಕ್ಕೂಟದ ಟೂರ್ನಿ ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ. ಉಳಿದವರೆಲ್ಲ ಕೆಲವೇ ಜಾಗಗಳಿಗೆ ಕಾದು ಕೂರಬೇಕು. ಆಗ ನೋಡುವುದು ಯಾರ ಮೇಲೆ ಗೆದ್ದೆ, ಯಾರಿಗೆ ಸೋತೆ, ಅವರು ಎಂಥ ಬಲದವರು ಎಂಬುದನ್ನು. ನವೆಂಬರಿನಲ್ಲಿ ಒಂದು ಪಾಯಿಂಟಿನಿಂದ ಕೈತಪ್ಪಿದ ಪಂದ್ಯ ಫೆಬ್ರುವರಿಯ ಕೊನೆಗೆ ಎದ್ದು ಬಂದು ಬಾಗಿಲು ತಟ್ಟುತ್ತದೆ.

ನನ್ನ ಪಕ್ಕದಲ್ಲಿ ಕಿತ್ತಳೆ ಸ್ವೆಟರ್ ತೊಟ್ಟ ಅಜ್ಜಿ ಕುಳಿತಿದ್ದರು. ಕಿತ್ತಳೆ ಹೋಪ್‌ನ ಬಣ್ಣ. ಮನೆಯಿಂದ ತಂದ ಮೆತ್ತೆಯನ್ನು ಬೆಂಚಿನ ಮೇಲೆ ಹಾಸಿ, ಅದರ ಮೂಲೆಯನ್ನು ನನಗೂ ಇಷ್ಟು ಕೊಟ್ಟಿದ್ದರು. ವಿರಾಮದಲ್ಲಿ ಮೊಬೈಲ್ ತೆಗೆದು, ಕನ್ನಡಕ ಹಣೆಗೇರಿಸಿ, ಎಲ್ಲೋ ಆಡುತ್ತಿದ್ದ ಕ್ಯಾಲ್ವಿನ್ ಸ್ಕೋರು ನೋಡಿದರು. "ಮುಂದಿದ್ದಾರೆ, ಒಳ್ಳೆಯದಾಯಿತು" ಎಂದರು. ನನಗೆ ನನ್ನ ಕಿವಿಯ ಮೇಲೇ ಅನುಮಾನ ಬಂತು. "ಜನವರಿಯವರೆಗೆ ಅವರು ಎಲ್ಲರನ್ನೂ ಸೋಲಿಸಲಿ. ಆಮೇಲೆ ನಾವು ಅವರನ್ನು ಸೋಲಿಸಿದರೆ ಆ ಗೆಲುವಿಗೆ ಬೆಲೆ" ಎಂದು ಮೊಬೈಲನ್ನು ಚೀಲಕ್ಕೆ ಹಾಕಿದರು. ಗಂಧರ್ವರು ಕೌರವನನ್ನು ಕಟ್ಟಿಹಾಕಿದಾಗ ಧರ್ಮರಾಯ ಹೇಳಿದ್ದೂ ಇದನ್ನೇ ಅಲ್ಲವೇ? ನಮ್ಮ ನಮ್ಮಲ್ಲಿ ಅವರು ನೂರು, ನಾವು ಐವರು. ಹೊರಗಿನವರು ಬಂದರೆ ನೂರೈದು. ಧರ್ಮರಾಯನಿಗೆ ಟೂರ್ನಿಯ ಲೆಕ್ಕಾಚಾರ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಇದ್ದರೂ ಇದ್ದಿರಬಹುದು.

ಈಗ ವಿಷಯಕ್ಕೆ ಬರುತ್ತೇನೆ.

ಋತುವಿನ ಆರಂಭದ ಬಿಗಿ ಪಂದ್ಯಗಳಿಗೆ ಒಂದು ಗುಣವಿದೆ, ಅದು ಜನವರಿಯ ಪಂದ್ಯಗಳಿಗಿಲ್ಲ. ಜನವರಿಗೆ ಬರುವ ಹೊತ್ತಿಗೆ ಎಲ್ಲ ಗೊತ್ತಾಗಿರುತ್ತದೆ. ಯಾರು ಬಲಕ್ಕೆ ಹೊರಳುತ್ತಾರೆ, ಯಾರ ಕೈ ನಡುಗುತ್ತದೆ, ಕೊನೆಯ ಚೆಂಡು ಯಾರದು. ನವೆಂಬರಿನಲ್ಲಿ ತಂಡವೇ ತನಗೆ ತಾನು ಅಪರಿಚಿತ. ಹಿಂದಿನ ವರ್ಷ ಕೊನೆಯ ಚೆಂಡು ಆಡುತ್ತಿದ್ದವನು ಪದವಿ ಪಡೆದು ಯಾವುದೋ ಬ್ಯಾಂಕು ಸೇರಿರುತ್ತಾನೆ. ಅವನ ಜಾಗ ಯಾರದೆಂದು ಅಂಗಣದಲ್ಲಿ ನಿಂತ ಐವರಿಗೂ ಖಚಿತವಿರುವುದಿಲ್ಲ.

ನಾಲ್ಕು ಸೆಕೆಂಡು ಉಳಿದಿತ್ತು, ಹೋಪ್ ಒಂದು ಪಾಯಿಂಟು ಹಿಂದೆ. ಚೆಂಡು ಬಂದದ್ದು ಒಬ್ಬ ತೆಳ್ಳನೆಯ ಹುಡುಗನ ಕೈಗೆ. ಆಟ ನಿಂತಾಗಲೆಲ್ಲ ಶೂ ಅಡಿಯನ್ನು ಅಂಗೈಯಿಂದ ಒರೆಸಿಕೊಳ್ಳುತ್ತಿದ್ದವನು. ತನ್ನನ್ನು ಕಾಯುತ್ತಿದ್ದವನನ್ನು ಒಂದೇ ಹೆಜ್ಜೆಯಲ್ಲಿ ದಾಟಿದ. ಮುಂದೆ ರಿಂಗಿನವರೆಗೂ ಬರಿಯ ಮರದ ನೆಲ, ಹೊಳೆಯುತ್ತಿತ್ತು. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಹುಡುಗ ನಿಂತ. ಮೂಲೆಯಲ್ಲಿದ್ದ ಜೊತೆಗಾರನಿಗೆ ಪಾಸ್ ಕೊಟ್ಟ. ಆ ಜೊತೆಗಾರನ ಮುಖದ ಮೇಲೇ ಎದುರಾಳಿಯ ಅಂಗೈ ಇತ್ತು. ಹೇಗೋ ಎಸೆದ. ಚೆಂಡು ರಿಂಗಿನ ಅಂಚಿಗೆ ತಾಗಿ ಹೊರಗೆ ಬಿತ್ತು, ಹಾರ್ನ್ ಕೂಗಿತು.

ಮೂರು ಸಾವಿರ ಜನ ಮೂಲೆಯ ಹುಡುಗನಿಗಾಗಿ ಲೊಚಗುಟ್ಟಿದರು. ಕೋಚ್ ಬಂದು ಅವನ ಬೆನ್ನು ತಟ್ಟಿದರು. ಪಾಸ್ ಕೊಟ್ಟವನ ಕಡೆ ಯಾರೂ ನೋಡಲಿಲ್ಲ. ನಾನು ನೋಡಿದೆ. ಬಗ್ಗಿ ಕುಳಿತು, ಸರಿಯಾಗಿಯೇ ಕಟ್ಟಿದ್ದ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಗೆಳೆಯ, ಆ ಲೇಸು ನನಗೆ ಗೊತ್ತು.

ಹಾಸನದವರ ಜೊತೆಗಿನ ಫೈನಲ್. ಸಿಮೆಂಟಿನ ಅಂಗಣ, ದೀಪದ ಕಂಬದ ಸುತ್ತ ಮಳೆಹುಳು, ಉಜ್ಜಿ ಉಜ್ಜಿ ಬೋಳಾಗಿದ್ದ ಚೆಂಡು. "ಎಡಗೈ ಕೈಕೊಟ್ಟ" ಎಂದು ಇಪ್ಪತ್ತೆರಡು ವರ್ಷಗಳಿಂದ ಆ ಕತೆ ಹೇಳುತ್ತಿದ್ದೇನೆ. ನಿನ್ನ ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿದೆ, ನನ್ನ ಗೃಹಪ್ರವೇಶದಲ್ಲಿ ಹೇಳಿದೆ, ನಿನ್ನ ಮಗಳಿಗೂ ಹೇಳಿದೆ. ಎಲ್ಲರೂ ನಕ್ಕರು, ನೀನು ಎಲ್ಲರಿಗಿಂತ ಜೋರಾಗಿ ನಕ್ಕೆ. "ಇವನು ಫ್ರೀ ಇದ್ದ, ಅದಕ್ಕೇ ಕೊಟ್ಟೆ" ಎಂಬುದು ಆ ಕತೆಯಲ್ಲಿ ನನ್ನ ಮಾತು.

ನೀನು ಫ್ರೀ ಇರಲಿಲ್ಲ. ಹಾಸನದ ಇಬ್ಬರು ನಿನ್ನ ಮೈಮೇಲೇ ಇದ್ದರು. ಫ್ರೀ ಇದ್ದವನು ನಾನು. ರಿಂಗು ನನಗೆ ತಟ್ಟೆಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ತಪ್ಪಿದರೆ ನಾಳೆ ಕ್ಯಾಂಟೀನಿಗೆ ಹೇಗೆ ಹೋಗುವುದು ಎಂಬ ಯೋಚನೆ ಚೆಂಡಿಗಿಂತ ಮೊದಲು ನನ್ನ ಕೈಗೆ ಬಂದಿತ್ತು. ನಿನಗದು ಆಗಲೇ ಗೊತ್ತಿತ್ತೇ? ಗೊತ್ತಿದ್ದೂ ನಗುತ್ತಿದ್ದೆಯಾ? ಶನಿವಾರದಿಂದ ಇದೊಂದೇ ಕೊರೆಯುತ್ತಿದೆ.

ಇಷ್ಟಕ್ಕೇ ನಿಲ್ಲಿಸುವವನಿದ್ದೆ. ಆದರೆ ಹಿಮದಲ್ಲಿ ಕಾರು ನಡೆಸುತ್ತ ಹಿಂದಿರುಗುವಾಗ ಹಾಳು ತಲೆ ಬೇರೆ ಪಾಸ್‌ಗಳನ್ನೂ ಎಣಿಸತೊಡಗಿತು. ಅಪ್ಪ ಆಸ್ಪತ್ರೆಯಲ್ಲಿದ್ದ ಆ ರಾತ್ರಿ ತಮ್ಮ ಫೋನು ಮಾಡಿದ್ದ. ಆಪರೇಷನ್ ಮಾಡಿಸುವುದೋ ಬೇಡವೋ, ಬೆಳಗಾಗುವುದರೊಳಗೆ ಹೇಳಬೇಕು, ಸಹಿ ಹಾಕಬೇಕು. ಎರಡೂ ಕಡೆಯ ಅಪಾಯವನ್ನು ಅವನು ಬಿಡಿಸಿ ಹೇಳಿದ. ನಾನು ಎಲ್ಲವನ್ನೂ ಕೇಳಿಸಿಕೊಂಡು, "ನೀನು ಅಲ್ಲೇ ಇದ್ದೀಯೆ, ನಿನಗೇ ಚೆನ್ನಾಗಿ ಕಾಣುತ್ತದೆ, ನೀನು ಏನು ಮಾಡಿದರೂ ನನಗೆ ಒಪ್ಪಿಗೆ" ಎಂದೆ. ಎಷ್ಟು ಒಳ್ಳೆಯ ಪಾಸ್ ನೋಡು, ನಂಬಿಕೆಯ ಹಾಗೆಯೇ ಕಾಣುತ್ತದೆ. ಅವನು ಸಹಿ ಹಾಕಿದ. ಹದಿನೈದು ದಿನದ ನಂತರ ನೆಂಟರೆಲ್ಲ "ಯಾಕೆ ಒಪ್ಪಿದೆ" ಎಂದು ಕೇಳಿದ್ದು ಅವನನ್ನು. ಇವತ್ತಿಗೂ ಯುಗಾದಿಗೆ, ಗೌರಿಗೆ ಯಾರಾದರೊಬ್ಬರು ಕೇಳುತ್ತಾರಂತೆ. ನನ್ನನ್ನು ಒಬ್ಬರೂ ಕೇಳಿಲ್ಲ. ನಾನು ಆ ಬೆಳಿಗ್ಗೆ ವಿಮಾನದ ಟಿಕೆಟ್ ಹುಡುಕುತ್ತಿದ್ದೆ, ಸಿಕ್ಕಿದ್ದನ್ನು ಬಿಟ್ಟು ಇನ್ನೂ ಒಳ್ಳೆಯದನ್ನು ಹುಡುಕುತ್ತಿದ್ದೆ.

ಇದನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಅಂಗಣದ ಪಾಪ್‌ಕಾರ್ನ್ ಬಗ್ಗೆ ಬರೆಯಬೇಕೆಂದಿದ್ದೆ. ಅದಕ್ಕೆ ಬೇಕಾದರೆ ಒಗ್ಗರಣೆ ಹಾಕಿ ಓದಿಕೋ. ತಮ್ಮ ಇದನ್ನು ಓದುವುದಿಲ್ಲ ಎಂದು ನಂಬಿದ್ದೇನೆ. ಅವನು ನನ್ನ ಬರವಣಿಗೆ ನೋಡಿದರೆ ಎರಡನೇ ಸಾಲಿಗೇ ಆಕಳಿಸುತ್ತಾನೆ. ಓದುತ್ತಿರುವ ಉಳಿದ ಮಹನೀಯರಲ್ಲಿ ವಿನಂತಿ: ದಯವಿಟ್ಟು ಅಳುವ ಮುಖದ ಚಿತ್ರಗಳನ್ನು ಅಂಟಿಸಬೇಡಿ. ಇಡೀ ದಿನ ಕಚೇರಿಯಲ್ಲಿ ಕುರ್ಚಿಗಳ ಲೆಕ್ಕ ಬರೆಯುವ ಮನುಷ್ಯನಿಗೆ ವಾರಾಂತ್ಯದಲ್ಲಿ ಹೀಗೆ ಆಗುವುದುಂಟು.

ಆ ಎರಡು ಹೆಜ್ಜೆ ಈಗಲಾದರೂ ಬರುತ್ತವೆಯೇ ನೋಡೋಣವೆಂದು ಭಾನುವಾರ ನಮ್ಮ ಬಡಾವಣೆಯ ಜಿಮ್ಮಿಗೆ ಹೋಗಿದ್ದೆ. ಓಡಿ ಬಂದು ಹಾರಿ ಚೆಂಡನ್ನು ರಿಂಗಿಗೆ ಹಾಕುವ ಲೇಅಪ್‌ಗೆ ಏರಿದೆ. ಏರಿದ್ದು ನಾನೊಬ್ಬನೇ, ಬಲ ಮೊಣಕಾಲು ಕೆಳಗೇ ಉಳಿಯಿತು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಓಡಿ ಬಂದು ಚೆಂಡು ಎತ್ತಿಕೊಟ್ಟು, "ನೀವು ಕುಳಿತುಕೊಳ್ಳಬೇಕೇ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಮನೆಯಲ್ಲಿ ಈಗ ಮಂಡಿಗೆ ಎಳ್ಳೆಣ್ಣೆ, ಜೊತೆಗೆ ಹೆಂಡತಿಯ ಉಪದೇಶ, ಎರಡೂ ಬಿಸಿಬಿಸಿ.

ಜನವರಿಯ ದಾಯಾದಿ ಪಂದ್ಯಕ್ಕೆ ಎರಡು ಟಿಕೆಟ್ ಹಿಡಿಯುತ್ತೇನೆ. ನೀನು ಬರುವುದಿಲ್ಲ ಎಂದು ಗೊತ್ತು, ಆದರೂ ಎರಡು. ಒಂದೇ ತೊಂದರೆ: ಯಾವ ಕಡೆ ಕೂರುವುದೆಂದು ತೀರ್ಮಾನವಾಗಿಲ್ಲ. ನನ್ನ ಊರಿನ ತಂಡ ಕ್ಯಾಲ್ವಿನ್, ಮೆತ್ತೆಯ ಮೂಲೆ ಕೊಟ್ಟ ಅಜ್ಜಿ ಹೋಪ್. ಸ್ವೆಟರ್ ಕೊಳ್ಳಬೇಕು. ಕಿತ್ತಳೆಯೋ, ಮರೂನೋ? ನಿನಗೆ ಬಣ್ಣಗಳು ಚೆನ್ನಾಗಿ ಕಾಣುತ್ತವೆ, ನೀನೇ ಹೇಳಿಬಿಡು. ಏನು ಹೇಳಿದರೂ ನನಗೆ ಒಪ್ಪಿಗೆ.

ನಿನ್ನ,
ಹವಾಯಿ ಚಪ್ಪಲಿ